ಊರಿಗೆ ಒಯ್ಯಲು ಇಟ್ಟ ಚಾರ್ಜು

ಗೋವಾದ ಕೆಪೆ ಪೇಟೆಯ ಬಸ್ ನಿಲ್ದಾಣದ ಹತ್ತಿರ ಮೊಬೈಲು, ಟಾರ್ಚು, ರೇಡಿಯೋ ರಿಪೇರಿ ಮಾಡುತ್ತ ಕೂತವನಿಗೆ ನಗುವುದಕ್ಕೆ ಬೇರೆ ಎಲ್ಲಿಗೂ ಹೋಗಬೇಕಾಗಿಲ್ಲ. ನಗು ತಾನಾಗಿ ನಮ್ಮ ಗೂಡಂಗಡಿಯ ಹಲಗೆಯ ಮುಂದೆ ಬಂದು ನಿಂತು, ‘ಇದ್ಯಾಕೋ ಚಾಲೂ ಆಗವಲ್ದು, ನೋಡ್ರಿ’ ಅನ್ನುತ್ತದೆ. ಮೊಬೈಲು ಆಗಷ್ಟೇ ಬಡವರ ಕೈಗೂ ಬರತೊಡಗಿದ್ದ ಕಾಲ. ನನ್ನ ಗಿರಾಕಿಗಳು ಹೆಚ್ಚಿನವರು ನನ್ನ ಹಾಗೆಯೇ ವಿಜಯಪುರದ ಕಡೆಯಿಂದ ದುಡಿಯಲು ಬಂದವರು. ಚಲೋ ಸಾಮಾನು ಅಂತ ಏನೇ ಕೊಂಡರೂ ಇಲ್ಲಿ ಬಳಸುವವರಲ್ಲ. ‘ಊರಿಗೆ ಒಯ್ಯಬೇಕು’ ಅಂತ ಟ್ರಂಕಿನಲ್ಲಿಟ್ಟು ಬೀಗ ಹಾಕುವವರು. ಸೀರೆ, ಸ್ಟೀಲಿನ ಡಬ್ಬಿ ಹಾಗೆ ಇಟ್ಟರೆ ನಡೆಯುತ್ತದೆ. ಬ್ಯಾಟರಿ ಇರುವ ಸಾಮಾನು ನಡೆಯುವುದಿಲ್ಲ. ಅಲ್ಲಿಂದಲೇ ನನ್ನ ಅಂಗಡಿಯ ವ್ಯಾಪಾರ, ಅಲ್ಲಿಂದಲೇ ಈ ಕಥೆಗಳು.

ಗೌಂಡಿಯ ಟಾರ್ಚು

ಗೋಡೆ ಕಟ್ಟುವ ಗೌಂಡಿ ಒಬ್ಬ ಇದ್ದ. ಗಂಡ ಹೆಂಡತಿ ಇಬ್ಬರೂ ಇಲ್ಲಿ ಕಟ್ಟಡದ ಕೆಲಸಕ್ಕೆ. ಒಬ್ಬಳೇ ಮಗಳು ಸಾಲಿ ಕಲಿಯಲೆಂದು ಊರಲ್ಲಿ ದೊಡ್ಡಮ್ಮನ ಮನೆಯಲ್ಲಿ. ಪಂಚಮಿಗೆ ಊರಿಗೆ ಹೋಗುವ ಮುಂಚೆ ಅವನು ಒಂದು ಚಾರ್ಜಿಂಗ್ ಟಾರ್ಚು ತಂದು ನನ್ನ ಮುಂದೆ ಇಟ್ಟ. ಸುತ್ತಿದ ಪ್ಲಾಸ್ಟಿಕ್ ಕೂಡ ಬಿಚ್ಚಿರಲಿಲ್ಲ.

‘ಮೋಸ ಆತ್ರಿ. ಒಮ್ಮೆನೂ ಹಚ್ಚಿಲ್ಲ, ಸತ್ತು ಕುಂತೈತಿ.’

‘ಯಾವಾಗ ತಗೊಂಡಿದ್ರಿ?’

‘ಹ್ವಾದ ಪಂಚಮಿ ಆದ ಮ್ಯಾಲ. ಊರಾಗ ಕರೆಂಟ್ ನಿಲ್ಲಂಗಿಲ್ಲಲ್ರಿ, ಮಗಳು ಓದಾಕ ಬೇಕು ಅಂತ.’

‘ಆಗಿಂದ ಚಾರ್ಜಿಗೆ ಹಾಕಿದ್ರೇನು?’

‘ಹಚ್ಚಲಾರದ್ದಕ್ಕ ಚಾರ್ಜ್ ಯಾಕ್ರಿ?’

ಇಂಥ ಬ್ಯಾಟರಿ ಅಂದರೆ ಮನೆಯ ಎಮ್ಮೆ ಇದ್ದ ಹಾಗೆ, ನಿಮಗೆ ಹಾಲು ಬೇಡ ಅಂದರೂ ಅದಕ್ಕೆ ಮೇವು ಬೇಕು, ತಿಂಗಳಿಗೊಮ್ಮೆಯಾದರೂ ಚಾರ್ಜಿಗೆ ಹಾಕಬೇಕು ಅಂತ ತಿಳಿಸಿ ಹೇಳಿದೆ. ಆಮೇಲೆ ಸುಮ್ಮನಿರದೆ ಕೇಳಿದೆ:

‘ಮಳಿಗಾಲದಾಗ ಇಲ್ಲೂ ಕರೆಂಟ್ ಹೋಗ್ತದಲ್ಲ, ಆವಾಗ ಏನ್ ಮಾಡತಿದ್ರಿ?’

‘ಮೇಣಬತ್ತಿ ಹಚ್ಚತಿದ್ವಿ.’

‘ಟ್ರಂಕಿನ್ಯಾಗ ಟಾರ್ಚ್ ಇತ್ತಲ್ರೀ!’

‘ಇತ್ತಲ್ರೀ ಮತ್ತ. ಮೇಣಬತ್ತಿ ಹಿಡದು ಟ್ರಂಕ್ ತಗದು ನೋಡತಿದ್ವಿ, ಟಾರ್ಚ್ ಚಲೋ ಐತಿ ಇಲ್ಲೋ ಅಂತ.’

ತಂಪಿನ ಜಾಗ

ಮೀನಿನ ಟೆಂಪೊ ಓಡಿಸುವ ಸಾಬರೊಬ್ಬರು ಮಡಗಾಂವದಲ್ಲಿ ಒಂದು ಹಳೆಯ ಡಿಜಿಟಲ್ ಕ್ಯಾಮೆರಾ ಕೊಂಡಿದ್ದರು. ಅವರ ತಾಯಿ ಸಮುದ್ರ ನೋಡಿದವರಲ್ಲ. ಮೊಣಕಾಲು ನೋವು, ಇಷ್ಟು ದೂರ ಬರಲಾರರು. ‘ಅಷ್ಟ್ ನೀರು ಒಂದ ಕಡೆ ಇರಾಕ ಸಾಧ್ಯ ಇಲ್ಲ, ನನ್ನ ಮುಂದ ಸುಳ್ಳ ಹೇಳಬ್ಯಾಡ’ ಅಂತ ಮಗನನ್ನೇ ಗದರಿಸುತ್ತಿದ್ದರಂತೆ. ಸಾಬರು ಒಂದು ಭಾನುವಾರ ದಂಡೆಗೆ ಹೋಗಿ ಕೈ ಸೋಲುವವರೆಗೆ ಫೋಟೊ ತೆಗೆದರು. ಹಬ್ಬಕ್ಕೆ ರಜೆ ಸಿಗಲು ಇನ್ನೂ ಬಹಳ ದಿನ ಇತ್ತು. ಅಲ್ಲಿಯವರೆಗೆ ಬ್ಯಾಟರಿ ಕೆಡದಂತೆ ಇಡುವುದು ಹೇಗೆ ಅಂತ ನನ್ನನ್ನು ಕೇಳಿದರು.

ನಾನೂ ದೊಡ್ಡ ಡಾಕ್ಟರನ ಹಾಗೆ ಹೇಳಿದೆ: ‘ಪೂರ್ತಿ ತುಂಬಸಬ್ಯಾಡ್ರಿ, ಪೂರ್ತಿ ಖಾಲಿನೂ ಮಾಡಬ್ಯಾಡ್ರಿ. ಅರ್ಧ ಚಾರ್ಜ್ ಇರಲಿ. ಬಿಸಿಲು, ಶಕಿ ತಾಗಬಾರದು. ತಂಪಿದ್ದಲ್ಲಿ ಇಡ್ರಿ.’

ಹಬ್ಬ ಹತ್ತಿರ ಬಂದಾಗ ಕ್ಯಾಮೆರಾ ನನ್ನ ಹಲಗೆಗೆ ಬಂತು. ಅದಕ್ಕಿಂತ ಮೊದಲು ಅದರ ವಾಸನೆ ಬಂತು. ಬಂಗಡೆ ಮೀನಿನ ವಾಸನೆ.

‘ಎಲ್ಲಿಟ್ಟಿದ್ರಿ ಇದನ್ನ?’

‘ನೀವ ಹೇಳಿದ್ರಲ್ರಿ, ತಂಪಿನ್ಯಾಗ ಅಂತ. ನನ್ನ ಖೋಲಿ ತಗಡಿನ ಪತ್ರಾಸಿಂದು, ಹಂಚಿನ ಮ್ಯಾಲಿನ ರೊಟ್ಟಿ ಹಂಗ ಕಾಯ್ತೈತಿ. ನನ್ನ ಪಾಲಿಗೆ ತಂಪಂದ್ರ ಮೀನಿನ ಬರ್ಫಿನ ಡಬ್ಬಿ ಒಂದ.’

ಪ್ಲಾಸ್ಟಿಕ್ ಚೀಲದ ಮೇಲೆ ಚೀಲ ಸುತ್ತಿದ್ದರಿಂದ ಕ್ಯಾಮೆರಾ ಹೇಗೋ ಬದುಕಿತ್ತು. ಒರೆಸಿ, ಒಣಗಿಸಿ, ಬ್ಯಾಟರಿ ಬದಲಿಸಿ ಕೊಟ್ಟೆ. ವಾಸನೆಗೆ ನನ್ನ ಹತ್ತಿರ ಮದ್ದಿರಲಿಲ್ಲ.

ಹಬ್ಬ ಮುಗಿಸಿ ಬಂದವರನ್ನು ಕೇಳಿದೆ, ‘ಅಮ್ಮಾ ಏನಂದ್ರು?’

‘ಫೋಟೊ ಎಲ್ಲಾ ನೋಡಿದ್ಲು, ನಂಬಿಕಿ ಬರಲಿಲ್ಲ ಆಕಿಗೆ. ಆಮ್ಯಾಲ ಕ್ಯಾಮೆರಾ ಮೂಗಿನ ಹತ್ರ ಹಿಡಕೊಂಡ್ಲು. ಹಿಡಕೊಂಡು, “ಅಯ್ಯ, ಸಮುದ್ರ ಖರೇನ ಐತಲ್ಲೋ” ಅಂದ್ಲು.’

ಎರಡು ಫೋನು

ಅದೇ ಹಬ್ಬಕ್ಕೆ ಹೊರಟಾಗ ಸಾಬರು ಇನ್ನೊಂದು ಕೆಲಸವನ್ನೂ ಒಪ್ಪಿಕೊಂಡಿದ್ದರು. ಗೌಂಡಿಯ ಮಗಳು ಇರುವ ಊರು ಅವರ ದಾರಿಯಲ್ಲೇ ಬರುತ್ತಿತ್ತು.

ಸಂಗತಿ ಏನೆಂದರೆ, ಪಂಚಮಿಗೆ ಹೋದಾಗ ಗಂಡ ಹೆಂಡತಿ ಎರಡು ಹಳೆಯ ಮೊಬೈಲು ಕೊಂಡು, ಒಂದನ್ನು ಮಗಳನ್ನು ಇಟ್ಟುಕೊಂಡಿದ್ದ ಹೆಂಡತಿಯ ಅಕ್ಕನ ಕೈಗೆ ಕೊಟ್ಟು, ಒಂದನ್ನು ತಾವು ಇಟ್ಟುಕೊಂಡು ಬಂದಿದ್ದರು. ಮಗಳ ಜೊತೆ ಮಾತಾಡಬೇಕು ಅನ್ನುವ ಒಂದೇ ಆಸೆ. ಬಂದ ಮೇಲೆ ಒಂದು ಸಲವೂ ಮಾತಾಗಿರಲಿಲ್ಲ. ಆ ಊರಿನ ಎಸ್‌ಟಿಡಿ ಬೂತು ಮುಚ್ಚಿತ್ತು. ಹೆಂಡತಿ ಫೋನು ತಂದು ನನ್ನ ಮುಂದಿಟ್ಟು, ‘ಇದು ಸುಮ್ನ ಕುಂದರತೈತ್ರಿ, ಬಾಯಿನ ಬಿಡಂಗಿಲ್ಲ’ ಅಂದಳು. ಬಿಚ್ಚಿ ನೋಡಿದರೆ ಬ್ಯಾಟರಿ ಪೂರಾ ಸೋತಿದೆ.

‘ಏನ್ ಮಾಡಿದ್ರಿ ಇದಕ್ಕ?’

‘ಏನೂ ಮಾಡಿಲ್ರಿ. ಆಫ್ ಮಾಡಿ ಟ್ರಂಕಿನ್ಯಾಗ ಇಟ್ಟಿದ್ದೆ. ಮಗಳು ಫೋನ್ ಮಾಡಿದಾಗ ಚಾರ್ಜ್ ಇರಬೇಕಲ್ಲ?’

‘ಆಫ್ ಮಾಡಿಟ್ರ ಫೋನ್ ಹೆಂಗ ಬರತೈತ್ರಿ ಅಕ್ಕಾರ?’

‘ಹಂಗಾರ ಅಕ್ಕ ಇಷ್ಟ ದಿನ ಮಾಡಿ ಮಾಡಿ ಸಾಕಾಗಿರಬೇಕು ಪಾಪ’ ಅಂತ ಕಣ್ಣು ತುಂಬಿಕೊಂಡಳು. ನಾನು ಬ್ಯಾಟರಿಗೆ ಜೀವ ಬರಿಸಲು ನೋಡಿದೆ, ಅರ್ಧಂಬರ್ಧ ಬಂತು. ನಂಬರು ಒತ್ತಿದರೆ ಆ ಕಡೆಯ ಫೋನೂ ಬಂದ್. ಅದಕ್ಕೇ ಸಾಬರ ಕೈಯಲ್ಲಿ ಹೇಳಿ ಕಳಿಸಿದ್ದು: ಫೋನು ಚಾಲೂ ಇಟ್ಟಿರು, ನಾವು ಮಾಡುತ್ತೇವೆ.

ತಿರುಗಿ ಬಂದ ಸಾಬರು ಅಕ್ಕನ ಉತ್ತರ ತಂದರು. ಅಕ್ಕ ಫೋನನ್ನು ಆಫ್ ಮಾಡಿ ದೇವರ ಮಾಡದಲ್ಲಿ ಇಟ್ಟು, ದಿನಾ ಕುಂಕುಮ ಹಚ್ಚುತ್ತಿದ್ದಳಂತೆ. ಸಾಬರು ಎಷ್ಟು ಹೇಳಿದರೂ ಅವಳದು ಒಂದೇ ಮಾತು:

‘ಸುಮ್ಮಸುಮ್ಮನ ಚಾರ್ಜ್ ಯಾಕ ಕಳೀಬೇಕ್ರಿ? ಮೊದಲ ಅವ್ರ ಫೋನ್ ಬರಲಿ, ಆಮ್ಯಾಲ ಚಾಲೂ ಮಾಡ್ತೀನಂತ ಹೇಳ್ರಿ.’

ಅಂಗಡಿಯ ಮುಂದೆ ನಿಂತವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ನನಗೆ ಒಳಗೆ ಏನೋ ಆಯಿತು, ಮುಚ್ಚಿಟ್ಟು ಏನು ಪ್ರಯೋಜನ. ಎರಡೂ ಕಡೆ ಅಷ್ಟೊಂದು ಆಸೆ ಇಟ್ಟುಕೊಂಡೇ ಇಬ್ಬರೂ ಆಫ್ ಮಾಡಿ ಕೂತಿದ್ದರು. ನನ್ನ ಹೆಂಡತಿಯೂ ಊರಲ್ಲೇ ಇದ್ದಳು. ಅವತ್ತು ಸಂಜೆ ಅವಳಿಗೆ ಫೋನು ಮಾಡಿ, ಹೇಳಲು ಏನೂ ಇಲ್ಲದೆ, ಬಹಳ ಹೊತ್ತು ಮಾತಾಡಿದೆ.

ಬ್ಯಾಟರಿಯ ಔಷಧ

ಇವರಿಗೆ ಬುದ್ಧಿ ಹೇಳಿದರೆ ನಾಟುವುದಿಲ್ಲ, ಹೆದರಿಸಬೇಕು ಅಂತ ಆಮೇಲೆ ನಿಶ್ಚಯಿಸಿದೆ. ಸಾಬರು ಮತ್ತೆ ಆ ಕಡೆ ಹೋಗುವಾಗ ಎರಡೂ ಮನೆಗೆ ಒಂದೇ ಔಷಧ ಬರೆದಂತೆ ಹೇಳಿದೆ: ‘ಭಾನುವಾರಕ್ಕೊಮ್ಮೆ ಸಂಜಿಮುಂದ ಎರಡೂ ಫೋನ್ ಚಾಲೂ ಮಾಡಿ ಮಾತಾಡಬೇಕು. ಮಾತಾಡಲಿಲ್ಲಂದ್ರ ಬ್ಯಾಟರಿ ಸಾಯ್ತೈತಿ.’

ಬ್ಯಾಟರಿ ಸಾಯುತ್ತದೆ ಅಂದ ಕೂಡಲೇ ಎರಡೂ ಕಡೆ ಗಾಬರಿ. ಮುಂದಿನ ಭಾನುವಾರ ಗೌಂಡಿಯ ಹೆಂಡತಿ ತಲೆ ಬಾಚಿಕೊಂಡು, ಹೊಸ ಸೀರೆ ಉಟ್ಟು, ನನ್ನ ಅಂಗಡಿಗೇ ಬಂದಳು. ಏನಾದರೂ ಕೆಟ್ಟರೆ ನಾನು ಹತ್ತಿರ ಇರಲಿ ಅಂತ. ಫೋನು ಹತ್ತಿತು. ಆ ಕಡೆ ಮಗಳೇ ಎತ್ತಿದಳು.

ಊಟ ಆಯಿತಾ, ಆಯಿತು. ಸಾಲಿಗೆ ಹೋಗುತ್ತೀಯಾ, ಹೋಗುತ್ತೇನೆ. ಅಷ್ಟಕ್ಕೆ ಮಾತು ಮುಗಿಯಿತು. ಹುಡುಗಿಗೆ ನಾಚಿಕೆ. ತಾಯಿ ಫೋನನ್ನು ಕಿವಿಗೆ ಇನ್ನೂ ಒತ್ತಿಕೊಂಡು ಕೂಗಿದಳು:

‘ಸುಮ್ನಾಗಬ್ಯಾಡವ್ವಾ, ಬ್ಯಾಟರಿ ಸಾಯ್ತೈತಂತ! ಏನರೆ ಅನ್ನು!’

‘ಏನ್ ಅನ್ಲಿ?’

‘ಬರೂದು ಅನ್ನು!’

ಹುಡುಗಿಗೆ ಬರುತ್ತಿದ್ದದ್ದು ಮಗ್ಗಿ. ‘ಎರಡೊಂದ್ಲೆ ಎರಡು’ ಅಂತ ಶುರು ಮಾಡಿದಳು. ಹೊರಗೆ ಮಡಗಾಂವ ಬಸ್ಸಿನವ ಕೊಂಕಣಿಯಲ್ಲಿ ಕೂಗುತ್ತಿದ್ದ, ತಾಯಿ ಇನ್ನೊಂದು ಕಿವಿ ಮುಚ್ಚಿಕೊಂಡು ಕೇಳುತ್ತಿದ್ದಳು. ಎರಡರದು ಮುಗಿಯಿತು, ಮೂರರದು ಮುಗಿಯಿತು. ಮಗ್ಗಿಯ ಪ್ರತಿ ಸಾಲಿಗೂ ‘ಹೂಂ’ ಅನ್ನುವಳು. ಸಾಲಿಯ ಮುಖ ನೋಡದವಳು ಕಣ್ಣೀರು ಸುರಿಸಿಕೊಂಡು ಐದರ ಮಗ್ಗಿಗೆ ತಲೆದೂಗುತ್ತಿದ್ದಳು. ಅಷ್ಟರಲ್ಲಿ ಆ ಸೋತ ಬ್ಯಾಟರಿ ಪೂರ್ತಿ ಕೈಕೊಟ್ಟಿತು.

ಅವಳು ಫೋನನ್ನು ನೋಡಿದಳು, ನನ್ನನ್ನು ನೋಡಿದಳು. ‘ಮಾತಾಡಿದ್ರ ಉಳಿತೈತಿ ಅಂದಿದ್ರಲ್ರೀ?’

ನನ್ನ ಫೋನು ಕೊಡಲು ಹೋದೆ. ‘ಬ್ಯಾಡ್ರಿ, ಬ್ಯಾರೆ ನಂಬರ್ ಬಂದ್ರ ಅಕ್ಕ ಹೆದರಿ ಬಂದ್ ಮಾಡ್ತಾಳ’ ಅಂದಳು. ಚಾರ್ಜಿಗೆ ಹಾಕಿದೆ, ಜೀವ ಬರಲು ಹೊತ್ತು ಹಿಡಿಯುತ್ತದೆ ಅಂದೆ. ಅವಳು ಅಂಗಡಿಯ ಮುಂದಿನ ಕಟ್ಟೆಯ ಮೇಲೆ ಕೂತುಬಿಟ್ಟಳು.

‘ಮನಿಗೆ ಹೋಗ್ರಿ ಅಕ್ಕಾರ, ಮುಂದಿನ ಭಾನುವಾರ ಮಾತಾಡೀರಂತ.’

‘ಇಲ್ರಿ. ಐದೇಳ್ಲೆ ಅಂದಿದ್ಲು, ಅಷ್ಟಕ್ಕ ಬಂದಾತು. ಅದ ಎಷ್ಟಂತ ಕೇಳೇ ಹೋಗ್ತೀನಿ.’

‘ಐದೇಳ್ಲೆ ಮೂವತ್ತೈದ್ರಿ’ ಅಂದೆ.

ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡು ನನ್ನನ್ನು ಕೆಕ್ಕರಿಸಿ ನೋಡಿದಳು.

‘ನಿಮ್ಮನ್ಯಾರ್ ಕೇಳಿದ್ರು? ನನ್ನ ಮಗಳು ಹೇಳಬೇಕದು.’