ಜೇನುಗುಬ್ಬಿಯ ದನಿ

ಲಾರಿಯವರ ಜತೆ, ನೆರೆಯವರ ಜತೆ ಮಾತಾಡಲು ವರ್ಲಿನ್ ಸ್ಟಕಿ ಇಟ್ಟುಕೊಂಡಿದ್ದ ಸಿಬಿ ರೇಡಿಯೊ ಕೆಟ್ಟದ್ದು ಬೆಕ್ಕಿನಿಂದ. ವಾಲ್ವ್‌ಗಳ ಕಾವಿಗೆ ಅದು ಪೆಟ್ಟಿಗೆಯ ಮೇಲೇ ಮಲಗಿ, ಒಳಗೆಲ್ಲ ರೋಮ ಉದುರಿಸಿತ್ತು. ಎರಡು ತಿಂಗಳಿಂದ ರೇಡಿಯೊ ಮೂಕಬಸವ.

"ಮಧ್ಯಾಹ್ನದೊಳಗೆ ಇದು ಮಾತಾಡ್ಬೇಕು, ಇಲ್ಲಾಂದ್ರೆ ಚರ್ಚಿನ ಹಳೇ ಸಾಮಾನಿನ ಮಾರಾಟಕ್ಕೆ ಹೋಗುತ್ತೆ," ಎಂದು ಹೇಳಿ ಹೆಂಡತಿ ಆರ್ವೆಲಾ ಎದುರಿನ ಚರ್ಚಿಗೆ ಹಾಡಿನ ಅಭ್ಯಾಸಕ್ಕೆ ಹೋದಳು.

ವರ್ಲಿನ್ ಕೂಡಲೇ ಪೆಟ್ಟಿಗೆ ಬಿಚ್ಚಿ ಕೂತ. ಊರಿಗೆಲ್ಲ ರೇಡಿಯೊ ಪಂಡಿತನೆಂದು ಹೇಳಿಕೊಂಡಿದ್ದವನು ಅವನು. ಮೂರು ವಾಲ್ವ್ ಬದಲಿಸಿದ, ಎರಡು ಸಲ ಶಾಕ್ ಹೊಡೆಸಿಕೊಂಡ.

ಪಕ್ಕದ ಮನೆಯ ಹೋಬಾರ್ಟ್ ಕಾಫಿ ಹಿಡಿದು ಬಂದ. "ವಾಲ್ವಿನ ಕಾಲಿನ ತುಕ್ಕು ಉಜ್ಜಿದ್ಯೇನೋ?"

"ನಂಗೇ ಹೇಳ್ಕೊಡ್ತೀಯಾ?" ಎಂದ ವರ್ಲಿನ್, ಅವನು ಅತ್ತ ತಿರುಗಿದ ಕೂಡಲೇ ರಬ್ಬರಿನಿಂದ ಉಜ್ಜಿದ. ವಾಲ್ವ್‌ಗಳು ಕೆಂಪಗೆ ಬೆಳಗಿದವು.

"ಪವರ್ ಪೂರ್ತಿ ತಿರುಗ್ಸು, ನಮ್ಮನೇಲಿ ಕೂತು ಕೇಳ್ತೀನಿ," ಎಂದು ಹೋಬಾರ್ಟ್ ತನ್ನ ಸೆಟ್ಟಿಗೆ ಓಡಿದ.

ರೇಡಿಯೊದಲ್ಲಿ ಹೋಬಾರ್ಟನ ದನಿ ಗಂಟೆ ಬಾರಿಸಿದಂತೆ ಬಂತು. ಇಬ್ಬರು ಮುದುಕರಿಗೂ ಹರೆಯ ಮರಳಿತು. ರೇಡಿಯೊದಲ್ಲಿ ಯಾರೂ ನಿಜ ಹೆಸರು ಹೇಳದಿದ್ದ ಆ ಕಾಲ ನೆನಪಾಯಿತು.

"ಎಪ್ಪತ್ತಾರನೇ ಇಸವೀಲಿ ಜೇನುಗುಬ್ಬಿ ಅಂತ ಒಬ್ಳಿದ್ಲಲ್ಲ?" ಎಂದ ಹೋಬಾರ್ಟ್. "ನಲವತ್ತು ಲಾರಿಯವರನ್ನ ಚರ್ಚಿನ ಊಟಕ್ಕೆ ಕರೆದಿದ್ಲು. ಒಂದು ಕೋಳಿಕಾಲೂ ಉಳೀಲಿಲ್ಲ. ಯಾರವಳು?"

ವರ್ಲಿನ್ ಗಂಟಲು ಕಿರಿದು ಮಾಡಿ ಹೆಣ್ಣುದನಿಯಲ್ಲಿ ಉಲಿದ: "ಆ ಜೇನುಗುಬ್ಬಿ ನಾನೇ ಕಣೋ, ಚಿನ್ನ."

ಎದುರಿನ ಚರ್ಚಿನಲ್ಲಿ ಹಾಡು ನಿಂತುಹೋಯಿತು. ಪೂರ್ತಿ ಪವರಿನ ಹಳೇ ಸೆಟ್ಟು ಅಲ್ಲಿನ ಆರ್ಗನ್ನಿನ ಸ್ಪೀಕರಿನೊಳಗೆ ನುಗ್ಗಿ, ಆ ಮಾತನ್ನು ಅಕ್ಷರ ಬಿಡದೆ ಒಪ್ಪಿಸಿತ್ತು.

ಐದು ನಿಮಿಷದಲ್ಲಿ ಹನ್ನೊಂದು ಹೆಂಗಸರು ಜಗಲಿ ಹತ್ತಿದರು. ಎಪ್ಪತ್ತಾರರ ಆ ಊಟದ ದಿನ ಕೋಳಿ ಹುರಿದು ಬರೀ ಬ್ರೆಡ್ ತಿಂದವರು ಅವರಲ್ಲಿ ಆರು ಜನ.

"ರೇಡಿಯೊ ಮಾತಾಡ್ತು. ನಾನು ಮಾತಿಗೆ ತಪ್ಪೋಳಲ್ಲ, ಅದು ಇಲ್ಲೇ ಇರುತ್ತೆ," ಎಂದಳು ಆರ್ವೆಲಾ. "ಮಾರಾಟಕ್ಕೆ ನೀನು ನಡಿ. ಗಿರಾಕಿ ಕರೆಯೋಕೆ ಜನ ಬೇಕು. ಆ ದನೀಲೇ ಕರೀಬೇಕು."

ಮೂರು ಗಂಟೆಗೆ ವರ್ಲಿನ್ ಹೂವಿನ ಏಪ್ರನ್ ಕಟ್ಟಿಕೊಂಡು ಹಳೇ ದೀಪಗಳ ನಡುವೆ ನಿಂತು ಉಲಿಯುತ್ತಿದ್ದ. "ಬನ್ನಿ ಚಿನ್ನ, ಬನ್ನಿ."

ಆ ದನಿ ಕಿವಿಗೆ ಬಿದ್ದು, ಪಕ್ಕದ ಹೆದ್ದಾರಿಯಲ್ಲಿ ಹೋಗುತ್ತಿದ್ದ ಲಾರಿಯೊಂದು ನಿಂತಿತು. ನರೆತ ಗಡ್ಡದ ಡ್ರೈವರ್ ಮೆಲ್ಲಗೆ ಇಳಿದು, ಟೋಪಿ ತೆಗೆದು, ವರ್ಲಿನ್‌ನನ್ನು ಮೇಲಿಂದ ಕೆಳಗಿನವರೆಗೆ ನೋಡಿದ.

"ಜೇನುಗುಬ್ಬಿ," ಎಂದ ಟೋಪಿ ಎದೆಗೊತ್ತಿಕೊಂಡು, "ನಿನಗೋಸ್ಕರ ನಾನು ಮದುವೇನೇ ಆಗ್ಲಿಲ್ವಲ್ಲೇ."