ಹೊಲಕ್ಕೆ ಬಿದ್ದ ದೇವರು, ಬೂಟು ಬಿಚ್ಚಿದ ಮೇಜರ್

ಫೌಜಿನವರ ಜೊತೆ ದುಭಾಷಿಯಾಗಿ ತಿರುಗುವವನಿಗೆ ಎದೆ ಧಸಕ್ಕೆನ್ನುವುದು ಊಟ-ತಿಂಡಿಯಷ್ಟೇ ಮಾಮೂಲು. ನಾನು ಭಾಲ್ಕಿಯಲ್ಲಿ ಶಾಲೆ ಮಾಸ್ತರ. ನಿಜಾಮರ ಕಾಲದಲ್ಲಿ ಉರ್ದು ಕಲಿತ ತಪ್ಪಿಗೆ, ಪೊಲೀಸ್ ಕಾರ್ಯಾಚರಣೆ ಮುಗಿದ ಹೊಸತರಲ್ಲಿ ಒಬ್ಬ ಮೇಜರ್ ಸಾಹೇಬರು ನನ್ನನ್ನು ಜೀಪಿಗೆ ಹಾಕಿಕೊಂಡರು.

೧. ಆಕಾಶದ ತಾಟು

ಠಾಣಾ ಕುಶನೂರಿನ ಕುರಿಗಾರನೊಬ್ಬ, ಸಂಜೆ ಆಕಾಶದಲ್ಲಿ ಊಟದ ತಾಟಿನಂಥ ಬೆಳಕು ಕಂಡೆನೆಂದು ಔರಾದ ಸಂತೆಯಲ್ಲಿ ಹೇಳಿಬಿಟ್ಟ. ಹಿಂದೆ ನಿಜಾಮರ ಕಡೆಯವರು ಕಳ್ಳ ವಿಮಾನದಲ್ಲಿ ಬಂದೂಕು ತಂದಿದ್ದರೆಂಬ ಗುಮಾನಿ ಫೌಜಿಗೆ ಇದ್ದೇ ಇತ್ತು. ಅವನನ್ನು ಬೀದರಿನ ಕ್ಯಾಂಪಿಗೆ ಎಳೆತಂದರು.

“ಎಷ್ಟು ಎತ್ತರದಲ್ಲಿತ್ತು?” ಮೇಜರ್ ಕೇಳಿದರು. ನಾನು ಕನ್ನಡದಲ್ಲಿ ಹೇಳಿದೆ.

“ನನ್ನ ಟಗರು ಕತ್ತೆತ್ತಿ ನೋಡೂವಷ್ಟು ರೀ.”

“ಯಾವ ಕಡೆ ಹೋಯಿತು?”

“ಕುರಿ ಚದುರಿದ್ವು ರೀ. ನಾ ಕುರಿ ಹಿಂದ ಓಡಲೋ, ಅದರ ಹಿಂದ ಓಡಲೋ?”

ಅದು ಕಳ್ಳ ವಿಮಾನವೇ, ಏನಾದರೂ ಬೀಳಿಸಿರಬೇಕು, ಆ ವಸ್ತು ಸಿಗುವವರೆಗೆ ಇವನನ್ನು ಬಿಡುವಂತಿಲ್ಲ ಎಂದು ಹುಕುಂ ಆಯಿತು. ನನಗೆ ಗಾಬರಿ. ಬೆಳಕು ಕಂಡವನನ್ನು ಬಿಡಿಸಲು ಬೆಳಕನ್ನೇ ಹಿಡಿದು ತರಬೇಕಾಗಿತ್ತು!

೨. ಬೂಟು

ಊರಿಗೆ ಹೋದರೆ ವಸ್ತು ಸಿಕ್ಕೇಬಿಟ್ಟಿತು. ತೊಗರಿ ಹೊಲದಲ್ಲಿ ಆಳುದ್ದದ ಲೋಹದ ಡಬ್ಬಿ. ಮೈತುಂಬ ಭಂಡಾರ, ಕುಂಕುಮ, ಚೆಂಡುಹೂವಿನ ಮಾಲೆ. ಪಕ್ಕದಲ್ಲಿ ಕುರಿಗಾರನ ಹೆಂಡತಿ.

“ನಮ್ಮ ಮನಿಯವ್ರು ಕಂಡದ್ದು ಇದೇ ದೇವರು ರೀ” ಎಂದಳು. ಮೇಜರ್ ಹತ್ತಿರ ಹೋದದ್ದೇ, “ಬೂಟ ಬಿಚ್ಚಿ ಬರ್ರಿ ಸಾಹೇಬ್ರ!” ಎಂದು ಗದರಿದಳು.

ನಾನು ಅದನ್ನು ಉರ್ದುವಿನಲ್ಲಿ ಹೇಳಿದೆ. ಮೇಜರ್ ಸಿಟ್ಟಿನಿಂದ ಜವಾನರ ಕಡೆ ತಿರುಗಿದರು. ಅವರೆಲ್ಲ ಆಗಲೇ ಬೂಟು ಬಿಚ್ಚಿ ಕೈಮುಗಿದು ನಿಂತಿದ್ದರು. ಮೇಜರೂ ಬಗ್ಗಿ ಬೂಟು ಬಿಚ್ಚಿದರು.

೩. ಹೂವಿನ ಅಪ್ಪಣೆ

“ಇದನ್ನು ಕೊಡು, ಗಂಡನನ್ನು ಬಿಡುತ್ತೇವೆ” ಎಂದರು ಮೇಜರ್.

“ಕೊಡಾಕ ನಾ ಯಾರ್ರಿ? ದೇವರ ಅಪ್ಪಣಿ ಬೇಕು.”

ಎರಡು ಹೂವನ್ನು ನೀರಲ್ಲಿ ಅದ್ದಿ ಡಬ್ಬಿಯ ಎಡಕ್ಕೊಂದು, ಬಲಕ್ಕೊಂದು ಅಂಟಿಸಿದಳು. ಬಲಗಡೆಯ ಹೂವು ಮೊದಲು ಬಿದ್ದರೆ ದೇವರು ಒಪ್ಪಿದಂತೆ, ಎಡಗಡೆಯದು ಬಿದ್ದರೆ ಇಲ್ಲ. ಬಿಸಿಲಲ್ಲಿ ಫೌಜು ಕಾಯುತ್ತ ಕೂತಿತು. ಎಡದ ಹೂವು ಅಲುಗಾಡಿದಾಗ, ಆ ಬಡವನ ಕಥೆ ಮುಗಿಯಿತೆಂದು ನನ್ನ ಕಣ್ಣಲ್ಲಿ ನೀರೇ ಬಂತು.

“ಮಾಸ್ತರ್, ನಿಮ್ಮ ದೇವರಿಗೆ ಸ್ವಲ್ಪ ಬೇಗ ಮಾಡು ಅನ್ನೋಕೆ ಬರೋಲ್ಲವೇ?” ಮೇಜರ್ ಪಿಸುಗುಟ್ಟಿದರು.

ಪಟ್ಟನೆ ಬಲದ ಹೂವು ಬಿತ್ತು. ಎಲ್ಲರಿಗಿಂತ ಮೊದಲು ಎದ್ದು ಚಪ್ಪಾಳೆ ತಟ್ಟಿದವರು ಮೇಜರ್ ಸಾಹೇಬರೇ.

೪. ಪ್ರಸಾದ

ಕ್ಯಾಂಪಿನಲ್ಲಿ ಕುಂಕುಮ ಒರೆಸಿ ನೋಡಿದರೆ ಅದರಡಿ ಫೌಜಿನದೇ ಗುರುತು! ಅವರದೇ ವಿಮಾನ ಕೆಳಗೆ ಬಿಟ್ಟ ಖಾಲಿ ಪೆಟ್ರೋಲ್ ಟಾಂಕಿ ಅದು. ಮೇಜರ್ ಮುಖ ಸಣ್ಣಗಾಯಿತು. “ತನಿಖೆ ಮುಗಿಯಿತು, ಅವನನ್ನು ಬಿಡಿ” ಎಂದರು.

ಪ್ರಸಾದದ ತಟ್ಟೆ ಹಿಡಿದು ಹೆಂಡತಿಯೂ ನಮ್ಮ ಜೀಪಿನಲ್ಲೇ ಬಂದಿದ್ದಳು. ಕುರಿಗಾರ ಹೊರಗೆ ಬಂದು ಟಾಂಕಿಯನ್ನು ನೋಡಿ ತಲೆ ಅಲ್ಲಾಡಿಸಿದ.

“ಇದಲ್ರಿ ಮಾಸ್ತರ್ರ. ಇದು ಮ್ಯಾಲಿಂದ ಬಿದ್ದದ್ದು. ನಾ ಕಂಡದ್ದು ನೆಲದಿಂದ ಎದ್ದು ಮ್ಯಾಲ...”

ಹೆಂಡತಿ ಅವನ ಬಾಯಿಗೆ ಕೊಬ್ಬರಿ ತುರುಕಿದಳು.

“ಏನಂತಾನೆ?” ಮೇಜರ್ ಕೇಳಿದರು.

“ಪ್ರಸಾದ ಭಾಳ ಚಲೋ ಅದ ಅಂತಾನೆ ಸಾಹೇಬ್ರೆ” ಎಂದೆ.

ಗೇಟು ದಾಟಿದ ಮೇಲೆ ಅವನು ಕೊಬ್ಬರಿ ನುಂಗಿ, “ಖರೇನ ಹೇಳ್ತೇನಿ ಮಾಸ್ತರ್ರ, ಅದು ತಾಟಿನಂಗೇ ಇತ್ತು ರೀ” ಎಂದು ಮತ್ತೆ ಸುರು ಮಾಡಿದ.

ಹೆಂಡತಿ ಅವನ ತೋಳು ಹಿಡಿದು ಎಳೆದಳು.

“ನಾನೂ ಕಂಡೇನಿ. ಬಾಯಿ ಮುಚ್ಕೊಂಡು ನಡೀರಿ!”