ರೊಟ್ಟಿಗೆ ಹತ್ತಿದ ಮದರಂಗಿ

ಗಿಡಮರಗಳ ವಿಷಯದಲ್ಲಿ ನನ್ನನ್ನು ಯಾರೂ ಸೋಲಿಸಲಾರರು ಎಂದು ನಾನು ನಂಬಿದ್ದ ಕಾಲವೊಂದಿತ್ತು. ಓಣಿಗೊಂದೇ ಟಿ.ವಿ. ಇದ್ದ ದಿನಗಳವು. ಲಿಂಗಸುಗೂರಿನಲ್ಲಿ ನಾವು ಬಾಡಿಗೆಗೆ ಹಿಡಿದ ಮನೆಯ ಹಿತ್ತಲಲ್ಲಿ, ಬಚ್ಚಲ ನೀರು ಹರಿಯುವ ಕಡೆ ಒಂದು ಪೊದೆ ಬೆಳೆದಿತ್ತು. ನೆಟ್ಟವರು ಯಾರೋ, ಹೆಸರೇನೋ, ಮನೆಯ ಮಾಲೀಕರಿಗೂ ಗೊತ್ತಿರಲಿಲ್ಲ. ಒಂದು ಟೊಂಗೆ ಬಗ್ಗಿಸಿ ನೋಡಿದೆ. ಸಣ್ಣ ಎಲೆ, ಎದುರುಬದುರು ಜೋಡಿ, ಅಲ್ಲಲ್ಲಿ ಮುಳ್ಳು. ನಮ್ಮ ಅಜ್ಜಿ ಹೇಳಿಕೊಟ್ಟ ಗುರುತು ಥೇಟ್ ಇದೇ!

"ಮದರಂಗಿ!" ಎಂದು ಘೋಷಿಸಿದೆ.

ಹೆಂಡತಿ ಗಿರಿಜಾ ಕಸಬರಿಗೆ ಹಿಡಿದೇ ಬಂದಳು. "ಖರೇನ ಏನ್ರಿ? ನನಗ್ಯಾಕೋ ಅಡವ್ಯಾಗಿನ ಗಿಡ ಕಂಡಂಗ ಕಾಣತೈತಿ."

"ನಮ್ಮಜ್ಜಿಕಿಂತ ನಿನಗ ಹೆಚ್ಚು ತಿಳಿತೈತೇನು?"

ಅಜ್ಜಿಯ ಹೆಸರು ಬಂದ ಮೇಲೆ ಅವಳು ಮತ್ತೆ ಕಸ ಗುಡಿಸಲು ಹೋದಳು.

ನಾಗರ ಪಂಚಮಿ ಹತ್ತಿರ ಬಂದಿತ್ತು. ಮದುವೆಯಾಗಿ ಅವಳಿಗೆ ಮೊದಲ ಪಂಚಮಿ, ಹಬ್ಬಕ್ಕೆ ತವರು ಮಸ್ಕಿಗೆ ಹೋಗಬೇಕು. ಮದರಂಗಿ ಎಷ್ಟು ಕೆಂಪೇರುತ್ತದೋ ಗಂಡನ ಪ್ರೀತಿ ಅಷ್ಟು ಎಂಬುದು ನಮ್ಮ ಕಡೆಯ ಹೆಣ್ಣುಮಕ್ಕಳ ಕಾಯಿದೆ. ಇದಕ್ಕೆ ಮೇಲ್ಮನವಿ ಇಲ್ಲ! ಅಂದರೆ ಮಸ್ಕಿಯಲ್ಲಿ ನನ್ನ ಮರ್ಯಾದೆ ಅವಳ ಅಂಗೈಯಲ್ಲಿತ್ತು.

"ಬಜಾರದಾಗಿನ ಪುಡಿ ತರ್ರಿ, ಸಾಕು" ಎಂದಳು.

"ಹಿತ್ತಲದಾಗ ಗಿಡ ಇಟಗೊಂಡು ಪುಡಿ ತರೂದಾ? ನಾನ ಅರದು ಕೊಡ್ತೀನಿ ತಡಿ."

ಅರೆದೆ. ಮೊದಲು ನನ್ನ ಹೆಬ್ಬೆರಳಿಗೆ ಹಚ್ಚಿ ನೋಡಿದೆ. ಹಸಿರು. ನಿಂಬೆರಸ ಹಿಂಡಿದೆ. ಹಸಿರು. ಚಹಾದ ಡಿಕಾಕ್ಷನ್ ಹಾಕಿದೆ. ಕಡುಹಸಿರು! ಬೇರೆಯವರಾಗಿದ್ದರೆ ಗಿಡದ ಮೇಲೆ ಸಂಶಯಪಡುತ್ತಿದ್ದರು. ನಾನು ಬಚ್ಚಲ ನೀರಿನ ಮೇಲೆ ಪಟ್ಟೆ. ಸಾಬೂನಿನ ನೀರು ಕುಡಿದ ಗಿಡ, ಪಾಪ, ಶಕ್ತಿ ಸಾಲದು. ತುಸು ಆಸರೆ ಕೊಟ್ಟರೆ ತಪ್ಪಿಲ್ಲವೆಂದು ಎಲೆಯಡಿಕೆ ಚೀಲದಿಂದ ಕಾಚು, ಸುಣ್ಣ ತೆಗೆದು ಗಿರಿಜಾಗೆ ಕಾಣದಂತೆ ಕಲಸಿದೆ. ಏನು ಕೆಂಪು ಅಂತೀರಿ!

ಅವಳು ಹಚ್ಚಿಕೊಂಡಳು, ಒಣಗಿದ ಮೇಲೆ ಉದುರಿಸಿದಳು, ಅಂಗೈ ನೋಡಿ ನಾಚಿದಳು. ನಾನೂ ನಾಚಿದೆ.

ಮರುದಿನ ರೊಟ್ಟಿ ಪಂಚಮಿ. ಬಸ್ಸು ಹತ್ತಿ ಮಸ್ಕಿಗೆ ಹೊರಟೆವು. ಅತ್ತೆಯ ಹಿತ್ತಲಲ್ಲೂ ಬೆಳೆಯಲಿ ಎಂದು ಅದೇ ಗಿಡದ ದೊಡ್ಡ ಟೊಂಗೆಯೊಂದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಎದೆಗವಚಿಕೊಂಡಿದ್ದೆ.

ಅತ್ತೆ ಮಗಳ ಕೈ ಹಿಡಿದು ನೋಡಿದರು. "ಯವ್ವಾ, ಏನ್ ಕೆಂಪ ಹತ್ತೈತಿ! ಅಳಿಯಂದ್ರು ಭಾಳ ಜೀವ ಇಟ್ಟಾರ ಬಿಡು."

ನಾನು ವಿನಯದಿಂದ ಜಂತಿ ಎಣಿಸುತ್ತ ಕೂತೆ.

ಆ ದಿನ ಜೋಳದ ರೊಟ್ಟಿ ಬಡಿದು, ಮೇಲೆ ಪಲ್ಯ ಇಟ್ಟು ಮನೆಮನೆಗೆ ಹಂಚುವುದು ಪದ್ಧತಿ. ಗಿರಿಜಾ ಹುರುಪಿನಿಂದ ಹಿಟ್ಟು ನಾದಲು ಕೂತಳು. ಹಿಟ್ಟು, ಬಿಸಿನೀರು, ನನ್ನ ಪ್ರೀತಿ! ಒಲೆಯ ಹೊಗೆಯಲ್ಲಿ ಯಾರಿಗೂ ಏನೂ ಕಾಣಲಿಲ್ಲ. ರೊಟ್ಟಿಗಳು ಓಣಿಯೆಲ್ಲ ಹೋದವು.

ಸ್ವಲ್ಪ ಹೊತ್ತಿಗೆ ಎದುರುಮನೆಯ ಹುಸೇನಬಿ ರೊಟ್ಟಿ ಹಿಡಿದೇ ಬಂದರು. ಅತ್ತೆಯ ಹಳೆಯ ಗೆಳತಿ, ಬಾಯಿ ಜೋರು.

"ಶರಣಮ್ಮಾ, ರೊಟ್ಟಿಗೆ ಕುಂಕುಮ ಹಾಕೀಯೇನಬೇ? ತಿಂದ್ರ ಎಲಿಅಡಿಕಿ ರುಚಿ ಬರಾಕತ್ತೈತಿ!"

ಬಿಸಿಲಿಗೆ ಹಿಡಿದು ನೋಡಿದರೆ ರೊಟ್ಟಿ ಗುಲಾಬಿ, ಗಿರಿಜಾಳ ಅಂಗೈ ಬೋಳು! ಓಣಿಯ ಜನ ನನ್ನ ಪ್ರೀತಿಯನ್ನು ಬದನೆಕಾಯಿ ಪಲ್ಯದ ಜೊತೆ ತಿಂದು ಮುಗಿಸಿದ್ದರು.

"ಏನ್ ಕಲಸಿದ್ರಿ?" ಗಿರಿಜಾಳ ಕಣ್ಣಲ್ಲಿ ನೀರು. "ಮೊದಲ್ನೇ ಪಂಚಮಿ ನಂದು. ಜೋಕಾಲಿ ಆಡಾಕ ಹೋದ್ರ ಎಲ್ಲಾರೂ ಕೈ ನೋಡ್ತಾರ. ಏನ್ ಹೇಳ್ಲಿ?"

ಕಾಚು, ಸುಣ್ಣ ಒಪ್ಪಿಕೊಂಡೆ. ಆದರೆ ಗಿಡವನ್ನು ಬಿಟ್ಟುಕೊಡಲಿಲ್ಲ! "ಗಿಡ ಮಾತ್ರ ಮದರಂಗಿದ" ಎಂದು ಟೊಂಗೆಯ ಬಟ್ಟೆ ಬಿಚ್ಚಿ ಸಾಕ್ಷ್ಯ ಮಂಡಿಸಿದೆ.

ಅತ್ತೆ ಬಗ್ಗಿ ನೋಡಿ ಸೆರಗು ಬಾಯಿಗಿಟ್ಟುಕೊಂಡರು. "ಅಳಿಯಂದ್ರ... ಇದು ಕಾರಿಹಣ್ಣಿನ ಗಿಡ ರೀ. ಇಲ್ಲೇ ಗುಡ್ಡದಾಗ ಬೇಕಾದಷ್ಟು ಅದಾವ."

ಎಲೆಗಳ ಮರೆಯಿಂದ ಒಂದು ಹಳದಿ ಹಣ್ಣು ನನ್ನನ್ನೇ ನೋಡುತ್ತಿತ್ತು. ಚಿಕ್ಕಂದಿನಲ್ಲಿ ಜೇಬು ತುಂಬಿಕೊಂಡು ತಿಂದ ಹಣ್ಣು!

ಹುಸೇನಬಿ ನನ್ನ ಎರಡೂ ಕೈ ಎಳೆದು ನೋಡಿದರು. ಬೆರಳಿನಿಂದ ಮೊಣಕೈವರೆಗೆ ಮುಳ್ಳು ಗೀರಿದ ಕೆಂಪು ಗೆರೆಗಳು.

"ತೌಬಾ ತೌಬಾ! ಬಾ ಬೇಟಿ, ನಿನ್ನ ಗಂಡನ ಕೈ ನೋಡಿಲ್ಲೆ. ಇಷ್ಟು ಮುಳ್ಳಾಗ ಕೈ ಹಾಕಿ ಎಲಿ ಹರದಾರ. ಯಾರರ ಕೇಳಿದ್ರ ಈ ಕೈ ತೋರಸು. ಪ್ರೀತಿ ಏನೂ ಕಡಿಮಿ ಇಲ್ಲ."

ಗಿರಿಜಾ ಕಣ್ಣೊರೆಸಿಕೊಂಡು ನಕ್ಕಳು. ನನ್ನ ಎದೆ ಉಬ್ಬಿತು.

"ಕಡಿಮಿ ಇರೋದು ಬ್ಯಾರೆ" ಎಂದು ಹುಸೇನಬಿ ನನ್ನ ತಲೆಯತ್ತ ನೋಡಿದರು.

ಸಭೆಯಲ್ಲಿ ಯಾರೂ ಆಕ್ಷೇಪಿಸಲಿಲ್ಲ. ನಾನೂ!